ಅತ್ತೆಯ ಸೂಜಿದಿಂಬು

ಬೆಟಗೇರಿಯ ಟೇಲರ್ ನೀಲಮ್ಮನವರ ಮನೆಗೆ ವಿದ್ಯಾಶ್ರೀ ಸೊಸೆಯಾಗಿ ಬಂದು ಇನ್ನೂ ಮೂರೇ ತಿಂಗಳು...

ಅತ್ತೆ ಬ್ಲೌಸ್ ಹೊಲಿಯುತ್ತಿದ್ದರು. ಉಳಿದ ಚೂರುಬಟ್ಟೆಯಲ್ಲಿ ಸೊಸೆ ಗೊಂಡೆ, ಗುಂಡಿ, ಪುಟ್ಟ ಹೂವು ಮಾಡುತ್ತಿದ್ದಳು. ಗಿರಾಕಿಗಳು ಬಾಯಿತುಂಬ ಹೊಗಳುತ್ತಿದ್ದರು.

ಅತ್ತೆಯ ಬಾಯಲ್ಲಿ ಮಾತ್ರ ‘ಚಲೋ ಆಗೈತಿ’ ಎಂಬ ಮಾತು ಬಂದರೆ ಕೇಳಿ... ಹೇಗಾದರೂ ಅವರ ಮನಸ್ಸು ಗೆಲ್ಲಬೇಕು ಎಂಬುದೊಂದೇ ಅವಳ ಹಂಬಲ.

ಮಷೀನಿನ ಮೇಲೆ ಅತ್ತೆ ಸೂಜಿ ಚುಚ್ಚಿಡುವ ಪುಟ್ಟ ದಿಂಬೊಂದಿತ್ತು. ಜಿಡ್ಡು ಹಿಡಿದು ಕಪ್ಪಾಗಿತ್ತು.

ವಿದ್ಯಾಶ್ರೀ ನಾಲ್ಕು ದಿನ ಗುಟ್ಟಾಗಿ ಕೂತು, ಇಳಕಲ್ ಸೆರಗಿನ ಚೂರುಗಳನ್ನು ಜೋಡಿಸಿ, ಅರಳೆ ತುಂಬಿ, ಕಮಲದ ಆಕಾರದ ಹೊಸ ದಿಂಬು ಹೊಲಿದಳು.

ಅತ್ತೆ ಕಾಯಿಪಲ್ಲೆಗೆ ಹೋದಾಗ ಹಳೆಯದನ್ನು ಬಿಚ್ಚಿದರೆ... ಒಳಗೆ ಕೂದಲಿನ ಉಂಡೆ. ಅವಳಿಗೆ ಅಸಹ್ಯವಾಯಿತು.

ಅಷ್ಟರಲ್ಲಿ ಓಣಿಯಲ್ಲಿ ಕೂದಲು ಕೊಳ್ಳುವವಳ ಕೂಗು ಕೇಳಿಸಿತು. ಉಂಡೆಯನ್ನು ಅವಳ ಚೀಲಕ್ಕೆ ಹಾಕಿ ಒಂದು ಪ್ಯಾಕೆಟ್ ಪಿನ್ನು ಇಸಿದುಕೊಂಡಳು. ಹರಿದ ಬಟ್ಟೆ ಬಚ್ಚಲ ಒಲೆ ಸೇರಿತು.

ಅತ್ತೆ ಬಂದು ಹೊಸ ದಿಂಬನ್ನು ಎತ್ತಿಕೊಂಡು, ಒತ್ತಿ ನೋಡಿದರು...

“ಹಳೇದರಾಗ ಕೂದ್ಲ ಇತ್ತಲ್ಲವಾ... ಎಲ್ಲೈತಿ?”

“ಕೂದ್ಲ ತಗೊಳ್ಳಾಕಿಗೆ ಕೊಟ್ಟೆರಿ ಅತ್ತಿ. ಈ ಪಿನ್ನು ಕೊಟ್ಲು.”

ನೀಲಮ್ಮ ಆ ಪಿನ್ನಿನ ಪ್ಯಾಕೆಟ್ಟನ್ನೇ ನೋಡುತ್ತ ಅಂದರು. “ಅದು ನಮ್ಮ ಕಸ್ತೂರಿ ಕೂದ್ಲವ್ವಾ...”

ಕಸ್ತೂರಿ ಅವರ ಮಗಳು. ಹತ್ತೊಂಬತ್ತನೇ ವಯಸ್ಸಿಗೇ ಕ್ಯಾನ್ಸರ್ ಅವಳನ್ನು ಕರೆದೊಯ್ದಿತ್ತು. ಔಷಧಿಗೆ ಉದುರಿದ ಕೂದಲನ್ನು ತಾನೇ ಆಯ್ದು, ಚೂರುಬಟ್ಟೆಯಲ್ಲಿ ತುಂಬಿ ಹೊಲಿದು ಕೊಟ್ಟಿದ್ದಳು.

“ಕೂದ್ಲಾಗ ಚುಚ್ಚಿಟ್ರ ಸೂಜಿಗೆ ತುಕ್ಕ ಹಿಡಿಯಂಗಿಲ್ಲ ಅಂತ ನೀನ ಹೇಳ್ತಿದ್ದೆಲ್ಲಬೇ” ಎಂದು ನಕ್ಕಿದ್ದಳಂತೆ.

ಸೊಸೆಗೆ ಇದನ್ನು ಯಾರೂ ಹೇಳಿರಲಿಲ್ಲ.

ವಿದ್ಯಾಶ್ರೀ ಬರಿಗಾಲಲ್ಲೇ ಓಡಿದಳು. ಬಸ್ ಸ್ಟ್ಯಾಂಡಿನಲ್ಲಿ ಆ ಹೆಂಗಸು ಸಿಕ್ಕಳು, ಪಾಪ, ಚೀಲವನ್ನೂ ಬಿಚ್ಚಿ ತೋರಿಸಿದಳು...

ಊರಿನ ಹೆಂಗಸರ ಕೂದಲೆಲ್ಲ ಒಂದರೊಳಗೊಂದು ಸಿಕ್ಕಿಕೊಂಡು ಬಿದ್ದಿತ್ತು.

“ನಿಮ್ದು ಯಾವ್ದು, ಆರಿಸ್ಕೊರಿ ಯಕ್ಕಾ.”

ತಾನು ಕಣ್ಣಿಂದಲೂ ಕಾಣದ ಕಸ್ತೂರಿಯನ್ನು ಅದರಲ್ಲಿ ಎಲ್ಲಿ ಹುಡುಕುವುದು? ಅವಳು ಅಳುತ್ತಾ ಬರಿಗೈಯಲ್ಲಿ ಮರಳಿದಳು.

ಬೈಗುಳಕ್ಕೆ ಕಾಯುತ್ತಾ ತಲೆತಗ್ಗಿಸಿ ನಿಂತಳು. ಅತ್ತೆ ಬೈಯಲಿಲ್ಲ.

ಒಳಗಿನಿಂದ ಹಣಿಗೆ ತಂದು, ಸೊಸೆಯನ್ನು ಮುಂದೆ ಕೂರಿಸಿಕೊಂಡು ತಲೆ ಬಾಚಿದರು. ಉದುರಿದ ನಾಲ್ಕು ಎಳೆ ಕೂದಲನ್ನು ಬೆರಳಿಗೆ ಸುತ್ತಿ, ಹೊಸ ದಿಂಬಿನ ಹೊಲಿಗೆ ಬಿಚ್ಚಿ ಒಳಗಿಟ್ಟರು.

“ಆಕಿದು ಹೋತವ್ವಾ... ಇನ್ನ ದಿನಾ ನಿನ್ನ ತಲಿ ನಾನ ಬಾಚ್ತೀನಿ. ಈ ದಿಂಬು ತುಂಬಬೇಕಲ್ಲ.”

ವಿದ್ಯಾಶ್ರೀ ಅತ್ತೆಯ ಮಡಿಲಲ್ಲಿ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು.

*

ಹಳೆಯದನ್ನು ಎಸೆಯುವ ಮುನ್ನ, ಅದರೊಳಗೆ ಯಾರಿದ್ದಾರೆ ಎಂದು ಒಮ್ಮೆ ಕೇಳಿ.

ನಿಮ್ಮ ಮನೆಯ ಹಿರಿಯರು ಬಿಡದೆ ಇಟ್ಟುಕೊಂಡಿರುವ ಆ ಹಳೆಯ ವಸ್ತುವಿನ ಕಥೆ ನಿಮಗೆ ಗೊತ್ತಾ...?