ಲೋಟದೊಳಗಿನ ಎರೆ

ಗಾಜಿನ ಲೋಟದ ತಳಕ್ಕಿಳಿದ, ಗಾಳಕ್ಕೆ ಸಿಕ್ಕಿಸುವ ರಾಗಿಹಿಟ್ಟಿನ ಉಂಡೆಯನ್ನು ಮೂವರೂ ನೋಡುತ್ತಿದ್ದರು. ಅದು ಬೇಗ ಕರಗಿದರೆ ನಾಳೆಯೂ ಗಿರಾಕಿ ಸೋಮೇಶನಿಗೆ ಮೀನಿಲ್ಲ. ಇರಮ್‌ಗೆ ಅಪ್ಪನ ಅಂಗಡಿಯಲ್ಲಿ ಇನ್ನು ಮುಂದೆಯೂ ಗಾಳ, ದಾರ ಎತ್ತಿಕೊಡುವ ಕೆಲಸವಷ್ಟೇ. ಶುಕ್ರವಾರ ಅಪ್ಪ ಹಿದಾಯತ್ ಉಲ್ಲಾ ಎರೆ ಮುಟ್ಟುವುದಿಲ್ಲ. ನಮಾಜಿಗೆ ಹಚ್ಚಿದ ಅತ್ತರು ಕೈಯಲ್ಲಿರುತ್ತದೆ, ಆ ವಾಸನೆಗೆ ಮೀನು ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಇವತ್ತು ಹಿಟ್ಟಿಗೆ ಕಡ್ಲೆಕಾಯಿ ಹಿಂಡಿಯ ಪುಡಿ, ಉಂಡೆ ಒಡೆಯದಂತೆ ಹಿಡಿದಿಡಲು ಬಿಡಿಸಿದ ಹತ್ತಿ ಸೇರಿಸಿ ಮಗಳೇ ಕಲಸಿದ್ದಳು.

"ಮೂರು ಸಲ ತೆಪ್ಪ ಹತ್ತಿ ಬರಿಗೈಲಿ ಬಂದಿವ್ನಿ ಸಾಬ್ರೇ," ಎಂದ ಸೋಮೇಶ. "ಮೀನ್ಗಿಂತ ಮೊದ್ಲು ನಿಂಗೆ ನಿದ್ದೆ ಬೀಳ್ತದ ಕನ ಅಂತಾನೆ ನಮ್ ಬಾವ." ಅವನು ಆನ್‌ಲೈನಿನಲ್ಲಿ ತರಿಸಿದ್ದ ಪ್ಲಾಸ್ಟಿಕ್ ಮೀನುಗಳನ್ನು ಇರಮ್ ಪಕ್ಕಕ್ಕೆ ಸರಿಸಿದಳು. "ಇದ ನೋಡಿದ್ರೆ ಕಾಟ್ಲಾ ಮೀನು ನಗ್ತದ ಅಣ್ಣ. ಮಗೀಗೆ ಕೊಡಿ, ಆಡ್ಕೊಳ್ಳಿ."

ಐದು ನಿಮಿಷವಾದರೂ ಉಂಡೆ ಒಡೆಯಲಿಲ್ಲ. ಅಂಚಿನಿಂದ ಮಾತ್ರ ನವಿರಾದ ಪುಡಿ ಏಳುತ್ತಿತ್ತು, ಮೀನನ್ನು ಕರೆಯಲು ಬೇಕಾದಷ್ಟೇ. ಹಿದಾಯತ್ ಉಲ್ಲಾ ಲೋಟ ಎತ್ತಿಕೊಂಡರು. ಅದು ಬೆಚ್ಚಗಿತ್ತು. ಅವರು ಯಾವಾಗಲೂ ಎರೆಯನ್ನು ಮಡಕೆಯ ತಣ್ಣೀರಿನಲ್ಲಿ ಪರೀಕ್ಷಿಸುತ್ತಿದ್ದರು.

"ತಾರಸಿ ಟ್ಯಾಂಕಿನ ನೀರು ಅಬ್ಬಾ," ಎಂದಳು ಇರಮ್ ಅಪ್ಪನಿಗೆ. "ಈ ಬಿಸ್ಲಲ್ಲಿ ಕೆರೆ ನೀರೂ ಹಿಂಗೇ ಇರ್ತದ. ತಣ್ಣೀರಲ್ಲಿ ನಿಂತದ್ದು ಅಲ್ಲಿ ಕರಗೋಯ್ತದ."

ಮೂವತ್ತು ವರ್ಷ ಎರೆ ಕಲಸಿದವರು ಲೋಟವನ್ನು ಜೋಪಾನವಾಗಿ ಕೆಳಗಿಟ್ಟು, ಗಿರಾಕಿಯ ಎದುರಿಗೇ ಮಗಳನ್ನು ಕೇಳಿದರು: "ಹತ್ತಿ ಎಷ್ಟು ಹಾಕ್ದೆ ಬೇಟಾ?"