ಸಮೀಕರಣವಿಲ್ಲದ ನುಣುಪು

"ಸರಿ ತಾಯಿ, ಮೊನೆ ಹೋಗಿ ಮೇಲ್ಮೈ ನುಣುಪಾಯ್ತು. ಈಗ ಅದರ ಸಮೀಕರಣ ಬರಿ," ಎಂದು ಪಿಎಚ್‌.ಡಿ. ಗೈಡ್ ಚಾಕ್‌ಪೀಸ್ ಚಾಚಿದರು.

ಗಣಿತದ ಸಂಶೋಧಕಿ ಅದನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟಳು. ಬಹುಪದೋಕ್ತಿಗಳಿಂದ ಬರೆದ ಮೇಲ್ಮೈಯೊಂದರ ಚೂಪು ಮೊನೆಯನ್ನು, ಕೊನೆಯೇ ಇಲ್ಲದ ಶ್ರೇಣಿಗಳಿಂದ ಸವರಿ ಸವರಿ ಅವಳು ಇಲ್ಲವಾಗಿಸಿದ್ದಳು. ಅವಳ ಪ್ರಬಂಧ ಪೂರ್ತಿ ನಿಂತಿದ್ದು ಮಾತ್ರ, ಹೀಗೆ ನುಣುಪಾದ ಮೇಲ್ಮೈಗೂ ನಾಲ್ಕು ಸಾಲಿನ ಬಹುಪದೋಕ್ತಿಗಳು ಸಿಕ್ಕೇ ಸಿಗುತ್ತವೆ ಎಂಬ ನಂಬಿಕೆಯ ಮೇಲೆ.

"ಮೇಲ್ಮೈ ಇದೆ ಸರ್. ಬಹುಪದೋಕ್ತಿ ಇಲ್ಲ."

"ಇನ್ನೂ ಸಿಕ್ಕಿಲ್ಲವೋ, ಇಲ್ಲವೇ ಇಲ್ಲವೋ?"

"ಇಲ್ಲವೇ ಇಲ್ಲ. ನಿನ್ನೆ ಅದನ್ನೂ ಗಣಿತದಲ್ಲೇ ಸಾಧಿಸಿಬಿಟ್ಟೆ," ಎಂದು ಅವಳು ಹಾಳೆಗಳನ್ನು ಮುಂದಿಟ್ಟಳು.

ಶಿಷ್ಯರ ತಪ್ಪು ಹುಡುಕುವುದರಲ್ಲಿ ಹೆಸರಾದ ಗೈಡ್, ಒಂದಾದರೂ ತಪ್ಪು ಸಿಗಲಪ್ಪಾ ಎಂದುಕೊಳ್ಳುತ್ತ ಸಾಲು ಸಾಲಾಗಿ ಓದಿದರು. ಕಡೆಗೆ ಕನ್ನಡಕ ತೆಗೆದರು.

"ಒಂದೂ ತಪ್ಪಿಲ್ಲವಲ್ಲಮ್ಮ," ಎಂದರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ.