ನಾಲ್ಕನೆಯ ಗುಡ್ಡೆ

ಇದೆಲ್ಲ ಯಾರಿಗೋಸ್ಕರ? ತನ್ನ ಜಾಗಕ್ಕೆ ಬರಲಿರುವ ಹೊಸಬಳಿಗಲ್ಲದೆ ಇನ್ಯಾರಿಗೆ?

ಹಾಸ್ಟೆಲಿನ ಅಡುಗೆಮನೆಯಲ್ಲಿ ರೆಸಿಪಿ ಕಾರ್ಡುಗಳನ್ನು ಹರಡಿಕೊಂಡು ಕೂತಿದ್ದ ಸಹಾಯಕಿಗೆ ಬೇರೆ ಕಾರಣ ಹೊಳೆಯಲಿಲ್ಲ. ಇಷ್ಟು ವರ್ಷ ಆ ಕಾರ್ಡುಗಳತ್ತ ಕಣ್ಣೆತ್ತಿಯೂ ನೋಡದ ಮುಖ್ಯ ಅಡುಗೆಯವನಿಗೆ, ಜ್ವರದ ರಜೆ ಮುಗಿಸಿ ಬಂದಮೇಲೆ, ಎಲ್ಲವೂ ಥಟ್ಟನೆ ಕೈಗೆ ಸಿಗಬೇಕಂತೆ.

ಅಕ್ಷರಕ್ರಮದಲ್ಲಿ ಜೋಡಿಸಿದಳು. ಬೇಡವೆಂದ. ತಿಂಡಿ, ಊಟ, ಸಿಹಿ ಎಂದು ವಿಂಗಡಿಸಿದಳು. ಅದನ್ನೂ ಕಲಸಿಹಾಕಿದ.

"ಮತ್ತೆ ಹೇಗೆ ಅಣ್ಣಾ? ನಿಮ್ಮ ತಲೆಯೊಳಗೆ ಹೊಕ್ಕು ನೋಡ್ಲಾ?"

"ಬಣ್ಣ ನೋಡಿ ಇಳಿಸೋವು ಒಂದು ಗುಡ್ಡೆ. ಸದ್ದು ಕೇಳಿ ಇಳಿಸೋವು ಒಂದು. ಗಡಿಯಾರ ನೋಡಿ ಇಳಿಸೋವು ಇನ್ನೊಂದು."

"ಮೂರಕ್ಕೂ ಸೇರದವು?"

ಅವನು ಉಳಿದ ಕಾರ್ಡುಗಳನ್ನು ನಾಲ್ಕನೆಯ ಗುಡ್ಡೆ ಮಾಡಿ ಅವಳತ್ತ ತಳ್ಳಿದ. "ಅವು ನಿನ್ನವು. ಇನ್ಮೇಲೆ ನೀನೇ ಮಾಡು."

ಮಸಾಲೆ ಹುರಿಯುವುದು, ಬೀಜ ಹುರಿಯುವುದು. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಡುವಂಥವೆಲ್ಲ ಅವಳ ಪಾಲಿಗೇ ಬಂದವು.

"ನೀನು ಎಡವಲಿ ಅಂತ ಕಾಯ್ತಿದ್ದಾನೆ ಕಣೇ," ಎಂದಳು ಪಾತ್ರೆ ತೊಳೆಯುವಾಕೆ. "ಎಡವಿದ್ಯೋ, ಗಂಟುಮೂಟೆ ಕಟ್ಟು!"

ಆ ಮಾತು ತಲೆಯಲ್ಲಿ ಕೊರೆಯುತ್ತಲೇ ಇತ್ತು. ಸಂಜೆ ಕಾಳು ಬೇಯಲಿಟ್ಟು, ಮುಚ್ಚಳ ಮುಚ್ಚಿ, "ಸ್ವಲ್ಪ ನೋಡ್ಕೊಳ್ಳಿ" ಎಂದು ಅವನಿಗೆ ಹೇಳಿ, ಹಿಟ್ಟು ತರಲು ಉಗ್ರಾಣಕ್ಕೆ ಹೋದಳು. ಹಿಂದಿರುಗುವಾಗ ಪಡಸಾಲೆಯಲ್ಲೇ ಸೀದ ವಾಸನೆ ಮೂಗಿಗೆ ಬಡಿಯಿತು. ಹಿಟ್ಟಿನ ಡಬ್ಬಿ ಅಲ್ಲೇ ಬಿಟ್ಟು ಓಡಿದಳು.

ಅವನು ಒಲೆಯ ಪಕ್ಕದಲ್ಲೇ ಬೆನ್ನು ಮಾಡಿ ನಿಂತು, ಕಾರ್ಡೊಂದನ್ನು ನಿಧಾನವಾಗಿ ಓದುತ್ತಿದ್ದ.

ಮುಚ್ಚಳ ತೆಗೆದರೆ ಕಾಳು ಇದ್ದಿಲಾಗಿತ್ತು.

"ಬೇಕಂತಲೇ ಬಿಟ್ರಿ, ಅಲ್ವಾ? ನನ್ನ ತಲೆಗೆ ಕಟ್ಟೋಕೆ!" ಅವಳು ಏಪ್ರನ್ ಬಿಚ್ಚಿ ಎಸೆದಳು. "ಹೊಟ್ಟೆ ಮೇಲೆ ಹೊಡಿಯೋದಾದ್ರೆ ಎದುರಿಗೆ ನಿಂತು ಹೊಡೀರಿ ಅಣ್ಣಾ. ಈ ಕಾರ್ಡಿನ ಆಟ ಯಾಕೆ?"

ಅವನ ಮುಖ ಬಿಳಿಚಿತು. ಸೀದ ಪಾತ್ರೆಯನ್ನು ನೋಡಿದ, ಅವಳನ್ನು ನೋಡಿದ.

"ಹೋಗ್ಬೇಡ ಕಣಮ್ಮ. ನೀನು ಹೋದ್ರೆ ನನ್ನ ಕೆಲಸಾನೂ ಹೋಯ್ತು ಅಂತಲೇ ತಿಳ್ಕೋ."

"ಗಾಯ ಮಾಡಿ ಉಪ್ಪು ಬೇರೆ ಸವರ್ತೀರಾ?"

ಬಾಗಿಲು ಧಡಾರನೆ ಮುಚ್ಚಿಕೊಂಡಿತು. ಅವನು ನಾಲ್ಕನೆಯ ಗುಡ್ಡೆಯ ಮುಂದೆ ಒಬ್ಬನೇ ಕೂತ.

ಆ ಜ್ವರ ಬಿಟ್ಟಂದಿನಿಂದ ತನ್ನ ಮೂಗಿಗೆ ಯಾವ ವಾಸನೆಯೂ ತಾಕುತ್ತಿಲ್ಲವೆಂದು ಅವನು ಅವಳಿಗೆ ಹೇಳಲೇ ಇಲ್ಲ.